ಹತ್ತು ಸೆಕೆಂಡಿನ ವೇಷ

ಅಮೆರಿಕದ ಅಂಗಡಿಗಳಲ್ಲಿ ಸೆಪ್ಟೆಂಬರ್ ಮುಗಿಯುವ ಮೊದಲೇ ಹ್ಯಾಲೋವೀನ್ ವೇಷಗಳು ನೇತಾಡಲು ಶುರುವಾಗುತ್ತವೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ ಅದು. ತೆಳು ಪಾಲಿಯೆಸ್ಟರ್ ಬಟ್ಟೆ, ಬೆನ್ನಿಗೆ ಒಂದು ಚೂರು ವೆಲ್ಕ್ರೋ. ದುಡ್ಡು ಸುರಿದು ತಂದರೆ ಅಕ್ಟೋಬರ್ 31ರ ಒಂದು ಸಂಜೆಗೆ ಆಯಿತು. ಮುಂದಿನ ವರ್ಷಕ್ಕೆ ಮಗು ಉದ್ದ ಆಗಿರುತ್ತದೆ. ಆಗದಿದ್ದರೂ ಅದರ ಇಷ್ಟ ಬದಲಾಗಿರುತ್ತದೆ.

ಸರಿ, ಮನೆಯಲ್ಲೇ ಮಾಡೋಣ ಅಂತ ಹೊರಟರೆ ಕಾಲು ತಾನಾಗಿಯೇ ಕ್ರಾಫ್ಟ್ ಅಂಗಡಿ ಕಡೆ ತಿರುಗುತ್ತದೆ. ಫೆಲ್ಟ್ ಬಟ್ಟೆ, ಗ್ಲೂ ಗನ್, ಅದಕ್ಕೆ ಅಂಟಿನ ಕಡ್ಡಿಗಳು, ಇರಲಿ ಅಂತ ಒಂದು ಡಬ್ಬಿ ಗ್ಲಿಟರ್. ಬಿಲ್ಲು ನೋಡಿದಾಗ ರೆಡಿಮೇಡ್ ವೇಷವೇ ಅಗ್ಗ ಅನ್ನಿಸುತ್ತದೆ. ಇದೇನು ಹೊಸ ಕಥೆಯಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಡೆನಿಸನ್ ಎಂಬ ಕಂಪನಿ ಹ್ಯಾಲೋವೀನ್ ಅಲಂಕಾರ, ವೇಷಗಳನ್ನು ಮನೆಯಲ್ಲೇ ಮಾಡುವುದು ಹೇಗೆಂದು ಪುಸ್ತಕಗಳನ್ನೇ ಹೊರತಂದಿತ್ತು. ಅದಕ್ಕೆಲ್ಲ ಬೇಕಾಗಿದ್ದು ಕ್ರೇಪ್ ಎಂಬ ಸುಕ್ಕುಸುಕ್ಕಿನ ತೆಳು ಕಾಗದ. ಆ ಕಾಗದ ಮಾರುತ್ತಿದ್ದವರೂ ಅವರೇ!

ಖರ್ಚಿಗೆ ಇಳಿಯುವ ಮೊದಲು ಒಂದು ಮಾತು ಕೇಳಿಕೊಂಡರೆ ಒಳ್ಳೆಯದು. ಈ ವೇಷ ನೋಡುವವರು ಯಾರು? ಪಕ್ಕದ ಬೀದಿಯ ಯಾರೋ ಬಾಗಿಲು ತೆಗೆಯುತ್ತಾರೆ. ಹೊರಗೆ ಕತ್ತಲಾಗುತ್ತಿರುತ್ತದೆ. ಮಗು 'ಟ್ರಿಕ್ ಆರ್ ಟ್ರೀಟ್' (ಸಿಹಿ ಕೊಡ್ತೀರೋ, ತಂಟೆ ಮಾಡಲೋ) ಅನ್ನುತ್ತದೆ, ಚೀಲಕ್ಕೆ ಚಾಕೊಲೇಟ್ ಬೀಳುತ್ತದೆ. ಹತ್ತು ಸೆಕೆಂಡಿನ ಆಟ. ಅಷ್ಟರೊಳಗೆ ಗುರುತು ಸಿಕ್ಕರೆ ಮುಗಿಯಿತು. ಬೆಕ್ಕಿಗೆ ಎರಡು ಕಿವಿ, ಒಂದು ಬಾಲ, ಹುಬ್ಬಿನ ಪೆನ್ಸಿಲ್‌ನಲ್ಲಿ ಎಳೆದ ಮೀಸೆ ಸಾಕು. ಬಾಲಕ್ಕೆ ಜೋಡಿ ಕಳೆದುಕೊಂಡ ಕಾಲುಚೀಲಗಳಿವೆ, ಅಲ್ವಾ? ಉಳಿದ ಮೈಗೆ ದಿನಾ ಹಾಕುವ ಕಪ್ಪು ಬಟ್ಟೆ.

ರೆಡಿಮೇಡ್‌ನವರಿಗೂ ಈ ಗುಟ್ಟು ಗೊತ್ತಿತ್ತು. ಒಂದು ಕಾಲಕ್ಕೆ ಬೆನ್ ಕೂಪರ್ ಕಂಪನಿಯ, ಡಬ್ಬಿಯಲ್ಲಿ ಮುಖವಾಡ, ಅಂಗಿ ಇಟ್ಟು ಮಾರುತ್ತಿದ್ದ ವೇಷಗಳು ಅಲ್ಲಿ ಮನೆಮಾತು. ಅವುಗಳಲ್ಲಿ ಎಷ್ಟೋ ಅಂಗಿಗಳ ಎದೆ ಮೇಲೆ ಆ ಪಾತ್ರದ ಚಿತ್ರವನ್ನೇ ಅಚ್ಚು ಹಾಕಿ, ಹೆಸರನ್ನೂ ಬರೆದುಬಿಡುತ್ತಿದ್ದರು. ಯಾರೂ ಅದನ್ನು ಮೋಸ ಅನ್ನಲಿಲ್ಲ.

ಹಳೇ ಬೆಡ್‌ಶೀಟಿನ ದೆವ್ವವನ್ನು ಜನ ಸುಮ್ನೆ ಸೋಮಾರಿ ವೇಷ ಅಂತ ಆಡಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದನ್ನು ಮೀರಿಸಿದ್ದಿಲ್ಲ. ಅಮೆರಿಕದ ಉತ್ತರದ ಊರುಗಳಲ್ಲಿ ಅಕ್ಟೋಬರ್ ಕೊನೆಗೆ ಚಳಿ ಜೋರು. ಎಂಥ ರಾಜಕುಮಾರಿ ಬಂದರೂ ಬಾಗಿಲಲ್ಲಿ ಅಮ್ಮ ಜಾಕೆಟ್ ತೊಡಿಸುತ್ತಾಳೆ, ಅಲ್ಲಿಗೆ ರಾಜಕುಮಾರಿ ಮಾಯ. ದೆವ್ವ ಮಾತ್ರ ಒಳಗೆ ಮೂರು ಸ್ವೆಟರ್ ಹಾಕಿಕೊಂಡು ಹಾಯಾಗಿರುತ್ತದೆ. ಆದರೆ ಕಣ್ಣಿಗೆ ಎರಡು ತೂತು ಕತ್ತರಿಸಿದರೆ ಸಾಲದು. ಶೀಟು ಜಾರುತ್ತದೆ, ತೂತು ಕೆನ್ನೆಗೆ ಬರುತ್ತದೆ, ದೆವ್ವ ಅಂಚೆಡಬ್ಬಿಗೆ ಡಿಕ್ಕಿ ಹೊಡೆಯುತ್ತದೆ. ಮುಖದಷ್ಟು ಜಾಗ ಪೂರ್ತಿ ತೆಗೆದು, ಶೀಟನ್ನು ಟೋಪಿಗೆ ಹೊಲಿದು, ಮುಖಕ್ಕೆ ಬಿಳಿ ಬಣ್ಣ ಬಳಿಯಬೇಕು. ಅಂಚು ಕಣಕಾಲಿನ ಮೇಲೆಯೇ ನಿಲ್ಲಬೇಕು. ಮೆಟ್ಟಿಲ ಮೇಲೆ ಹಬ್ಬದ ಅಲಂಕಾರಕ್ಕೆ ಕೊರೆದಿಟ್ಟ ಕುಂಬಳಕಾಯಿಯೊಳಗೆ ಮೇಣದಬತ್ತಿ ಉರಿಯುತ್ತಿರಬಹುದು, ಕಾರುಗಳೂ ಓಡಾಡುತ್ತಿರುತ್ತವೆ. ಹಾಗಾಗಿ ಬೆನ್ನಿಗೊಂದು ಹೊಳೆಯುವ ಟೇಪ್ ಅಂಟಿಸಿದರೆ ದೆವ್ವಕ್ಕೇನೂ ಅವಮಾನ ಆಗುವುದಿಲ್ಲ.

ಇನ್ನು ರಟ್ಟಿನ ಪೆಟ್ಟಿಗೆಯ ರೋಬೋಟ್. ನೋಡಲು ಭರ್ಜರಿ, ಆದರೆ ಕೂರುವಂತಿಲ್ಲ. ಪೆಟ್ಟಿಗೆ ಮೊಣಕಾಲು ದಾಟಿದರೆ ಮೆಟ್ಟಿಲು ಹತ್ತುವಂತಿಲ್ಲ. ಬಾತ್‌ರೂಮಿನ ವಿಚಾರ ಕೇಳಲೇಬೇಡಿ. ಅಲ್ಯೂಮಿನಿಯಂ ಫಾಯಿಲ್ ಎರಡನೇ ಮನೆಗೇ ಹರಿಯುತ್ತದೆ, ಬೂದು ಬಣ್ಣ ಬಳಿಯುವುದೇ ಮೇಲು.

ಇಷ್ಟೆಲ್ಲ ಆದ ಮೇಲೆ, 30ನೇ ತಾರೀಖು ರಾತ್ರಿ, ತನಗೆ ರೋಬೋಟ್ ಬೇಡ, ಕಸದ ಲಾರಿ ಆಗಬೇಕು ಅಂತ ಮಗು ಹೇಳಬಹುದು. ಗಾಬರಿ ಬೇಡ. ಅದೇ ಪೆಟ್ಟಿಗೆಗೆ ನಾಲ್ಕು ಪೇಪರ್ ಪ್ಲೇಟ್ ಅಂಟಿಸಿದರೆ ಚಕ್ರ ಬಂತು. ಬಾಗಿಲು ತೆಗೆದ ಅಜ್ಜಿ "ಓ, ರೋಬೋಟ್!" ಅನ್ನುತ್ತಾರೆ. ಆಗ ಮಗು ಲಾರಿ ಕಸ ಎತ್ತುವುದು ಹೇಗೆ, ಒತ್ತುವುದು ಹೇಗೆ, ಹಿಂದಕ್ಕೆ ಬರುವಾಗ ಯಾವ ಸದ್ದು ಮಾಡುತ್ತದೆ ಎಂದು ನಿಂತಲ್ಲೇ ವಿವರಿಸುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಅಜ್ಜಿ ಸೋತು ಇನ್ನೊಂದು ಚಾಕೊಲೇಟ್ ಹಾಕುತ್ತಾರೆ.