ಆಂಬ್ಯುಲೆನ್ಸಿನ ಹಿಂಬದಿಯಲ್ಲಿ ಒಬ್ಬನೇ

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ನಾನೂ ದನಿಗೂಡಿಸಿದವನೇ. ಆದರೆ ಆ ಕಟ್ಟಡ ಏಳುವವರೆಗೆ ನಮ್ಮ ಪಾಲಿನ ತೀವ್ರ ನಿಗಾ ಘಟಕವೆಂದರೆ ಹೊನ್ನಾವರದಿಂದ ಮಣಿಪಾಲಕ್ಕೆ, ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಓಡುವ ಆಂಬ್ಯುಲೆನ್ಸಿನ ಹಿಂಬದಿಯೇ.

ಕಳೆದ ಮಳೆಗಾಲದಲ್ಲಿ, ಹೃದಯಾಘಾತವಾಗಿದ್ದ ಚಿಕ್ಕಪ್ಪನನ್ನು ಖಾಸಗಿ ಆಂಬ್ಯುಲೆನ್ಸಿನಲ್ಲಿ ಹೊನ್ನಾವರದಿಂದ ಮಣಿಪಾಲಕ್ಕೆ ಸಾಗಿಸುವಾಗ ನಾನು ಅಲ್ಲಿ ಕುಳಿತಿದ್ದೆ. ಬೈಂದೂರು ಸಮೀಪಿಸುವ ಹೊತ್ತಿಗೆ ಅವರಿಗೆ ಉಸಿರು ಕಟ್ಟತೊಡಗಿ, ಆಮ್ಲಜನಕವನ್ನು ನಿಮಿಷಕ್ಕೆ 15 ಲೀಟರಿಗೆ ಏರಿಸಬೇಕಾಯಿತು. ವಾಹನದಲ್ಲಿದ್ದದ್ದು ಬಿ ಮಾದರಿಯ ಒಂದೇ ಸಿಲಿಂಡರ್. ಅದರಲ್ಲಿ ಹಿಡಿಯುವುದೇ ಸುಮಾರು 1,500 ಲೀಟರ್. ಆ ವೇಗದಲ್ಲಿ ಬಿಟ್ಟರೆ ತುಂಬಿದ ಸಿಲಿಂಡರ್ ಕೂಡ 100 ನಿಮಿಷಕ್ಕೆ ಬರಿದು. ನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿ ಸುರಿಯುವ ಮಳೆಯಲ್ಲಿ ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ಇಎಂಟಿ (ಆಂಬ್ಯುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ನೀಡುವ ತಂತ್ರಜ್ಞ) ಹುಡುಗ ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಚಿಕ್ಕಪ್ಪನ ಮುಖಕ್ಕಿಂತ ಹೆಚ್ಚಾಗಿ ಸಿಲಿಂಡರಿನ ಮುಳ್ಳನ್ನೇ ನೋಡುತ್ತಿದ್ದ.

ಚಿಕ್ಕಪ್ಪ ಉಳಿದರು. ಹೃದಯ ನಿಂತಿದ್ದರೆ? ಎದೆ ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು, ಪ್ರತಿ 30 ಒತ್ತಿಗೆ ಎರಡು ಸಲ ಉಸಿರು ಕೊಡಬೇಕು ಎಂದು ತರಬೇತಿಯಲ್ಲಿ ಕಲಿಸುತ್ತಾರೆ. ಚಾಲಕ (108ರಲ್ಲಿ ಅವರಿಗೆ ‘ಪೈಲಟ್’ ಎಂಬ ಗೌರವದ ಹೆಸರಿದೆ) ಸ್ಟೇರಿಂಗ್ ಬಿಡುವಂತಿಲ್ಲ. ಹಿಂದಿರುವವನು ಒಬ್ಬನೇ ಯಾರೊಡನೆ ಬದಲಾಗಬೇಕು? ಓಡುವ ವಾಹನದಲ್ಲೂ ತಾವೇ ಎದೆ ಒತ್ತುವ ಯಂತ್ರಗಳು ಸಿಗುತ್ತವೆ, ದುಬಾರಿಯೂ ಹೌದು. ಆದರೂ ಇಷ್ಟು ದೂರದ ದಾರಿಗಳಿಗೆ ಅದನ್ನು ಆಡಂಬರವೆಂದು ನಾನು ಒಪ್ಪಲಾರೆ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವಂತಾದದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಚುಚ್ಚುಮದ್ದಿನ ನಂತರವೂ ರೋಗಿ ಮುಂದಿನ ಆಸ್ಪತ್ರೆಗೆ ಹೋಗಲೇಬೇಕು, ಮತ್ತು ಹೃದಯದ ಬಡಿತ ಹಠಾತ್ತನೆ ತಪ್ಪುವ ಅಪಾಯ ಆ ಹೊತ್ತಿನಲ್ಲೂ ಇರುತ್ತದೆ. ಹಾಗಾಗಿ ಇಂಥ ರೋಗಿಯನ್ನು ಒಯ್ಯುವ ಯಾವುದೇ ವಾಹನ, ಸರ್ಕಾರಿಯಿರಲಿ ಖಾಸಗಿಯಿರಲಿ, ಮಾನಿಟರ್ ಮತ್ತು ಡಿಫಿಬ್ರಿಲೇಟರ್ (ತಪ್ಪಿದ ಬಡಿತವನ್ನು ವಿದ್ಯುತ್ ಆಘಾತದಿಂದ ಸರಿದಾರಿಗೆ ತರುವ ಯಂತ್ರ) ಇಲ್ಲದೆ ಹೊರಡಬಾರದು. ಬ್ಯಾಟರಿ ಚಾರ್ಜ್ ಆಗಿದೆಯೇ, ಎದೆಗೆ ಅಂಟಿಸುವ ಪ್ಯಾಡಿನ ಅವಧಿ ಮುಗಿದಿಲ್ಲವೇ ಎಂದು ಹೊರಡುವ ಮುನ್ನ ಯಾರಾದರೂ ನೋಡಿ ಸಹಿ ಹಾಕಬೇಕು. ಜೊತೆಗೊಬ್ಬ ಎರಡನೆಯ ಇಎಂಟಿ, ಫೋನಿನ ಆ ತುದಿಯಲ್ಲಿ ಎಚ್ಚರವಿರುವ ವೈದ್ಯರು, ದಾರಿಯ ಭಟ್ಕಳ ಮತ್ತು ಕುಂದಾಪುರದ ಆಸ್ಪತ್ರೆಗಳಲ್ಲಿ ಖಾಲಿ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆ ಬೇಕು. ಕೊನೆಯದಕ್ಕಂತೂ ಹಣಕ್ಕಿಂತ ಹೆಚ್ಚಾಗಿ ಒಂದು ಆದೇಶ ಸಾಕು.

ಮಣಿಪಾಲದಲ್ಲಿ ಚಿಕ್ಕಪ್ಪನನ್ನು ಒಳಗೆ ಕರೆದೊಯ್ದ ಮೇಲೆ ಆ ಹುಡುಗ ಸ್ಟ್ರೆಚರ್ ಒರೆಸುತ್ತಿದ್ದ. ಊಟಕ್ಕೆ ಕರೆದೆ. ರಾತ್ರಿ ಇನ್ನೊಂದು ಕರೆ ಬರಬಹುದು, ಅದಕ್ಕೂ ಮೊದಲು ಸಿಲಿಂಡರ್ ತುಂಬಿಸುವ ಜಾಗ ಹುಡುಕಬೇಕು ಎಂದ.