ಬೆಂಕಿಗೊಂದು ಬೇರೆ ಮನೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯ ಜೊತೆ ಜಗಳಕ್ಕೆ ನಿಂತವರೆಂದರೆ ತಿನಿಸಿಗೆ ತಣ್ಣನೆಯ ಹೊಗೆ ಹಿಡಿಸುವ ಕೋಲ್ಡ್ ಸ್ಮೋಕಿಂಗ್ ಹುಚ್ಚಿನವರು. ಅವರಿಗೆ ಹೊಗೆ ಬೇಕು, ಬಿಸಿ ಬೇಡ. ಚೀಸಿಗೆ ಹೊಗೆಯ ಘಮ ಹತ್ತಬೇಕು, ಆದರೆ ಚೀಸ್ ಬೆವರಬಾರದು. ಮನೆಯ ಸ್ಮೋಕರ್, ಅಂದರೆ ಹೊಗೆ ಹಾಕುವ ಪೆಟ್ಟಿಗೆ, ಹುಟ್ಟಿದ್ದೇ 110 ಡಿಗ್ರಿಯಲ್ಲಿ ಮಾಂಸ ಬೇಯಿಸಲಿಕ್ಕೆ. ಅದಕ್ಕೆ ಹೋಗಿ '30 ಡಿಗ್ರಿ ದಾಟಬೇಡಪ್ಪಾ' ಎಂದು ಕೈಮುಗಿಯುವುದು ಒಲೆಗೆ ಫ್ರಿಜ್ಜಿನ ಚಾಕರಿ ಹಚ್ಚಿದ ಹಾಗೆ.

ಮೊದಲ ಸಲ ಎಲ್ಲರೂ ಮಾಡುವ ತಪ್ಪು ಒಂದೇ. ಹೀಟರನ್ನು ತೀರಾ ಸಣ್ಣದಕ್ಕೆ ತಿರುಗಿಸಿ, ಚೀಸ್ ಇಟ್ಟು, ಬಾಗಿಲು ಹಾಕಿ, ಮುಚ್ಚಳದ ಥರ್ಮಾಮೀಟರಿನ ಮುಳ್ಳನ್ನು ನೋಡಿ ನೆಮ್ಮದಿಯಿಂದ ಕೂರುವುದು. ಅರ್ಧ ಗಂಟೆ ಬಿಟ್ಟು ತೆರೆದರೆ ಚೀಸ್ ಜಾಲರಿಯ ಮೇಲಿಲ್ಲ. ಸರಳು ಸರಳಿನ ನಡುವೆ ಹಳದಿ ನಾಲಿಗೆ ಚಾಚಿ ಕೆಳಗಿನ ತಟ್ಟೆಗೆ ಇಳಿದು ಅಲ್ಲೇ ಬಿಡಾರ ಹೂಡಿದೆ. ಮುಳ್ಳು ಮಾತ್ರ ಆಗಲೂ 'ಎಲ್ಲ ಕ್ಷೇಮ' ಎನ್ನುತ್ತಿರುತ್ತದೆ. ಪಾಪ, ಅದು ತಾನು ಕೂತ ಜಾಗದ ಸುದ್ದಿ ಹೇಳುತ್ತದೆಯೇ ಹೊರತು ಚೀಸಿನದ್ದಲ್ಲ. ಅಷ್ಟು ಕಡಿಮೆ ಬಿಸಿಯಲ್ಲಿ ಅದರ ಮಾತಿಗೆ ಬೆಲೆಯೂ ಇಲ್ಲ. ತಿನಿಸು ಇರುವ ಜಾಲರಿಯ ಮಟ್ಟದಲ್ಲಿ ಬಿಸಿ ಅಳೆಯುವ ಡಿಜಿಟಲ್ ಪ್ರೋಬ್ ಕಟ್ಟುವುದು ಎಲ್ಲಕ್ಕಿಂತ ಮೊದಲ ಕೆಲಸ.

ಎರಡನೆಯದು ಪಾಲು ಪಾರಿಕತ್ತು. ಬೆಂಕಿಗೆ ಬೇರೆ ಮನೆ ಮಾಡಿಕೊಡಬೇಕು. ಮುಚ್ಚಳವಿರುವ ಸಣ್ಣ ಲೋಹದ ಡಬ್ಬಿ, ತಳದ ಹತ್ತಿರ ಗಾಳಿಗೆ ಎರಡು ಮೂರು ತೂತು. ಅಲ್ಲಿಂದ ಸ್ಮೋಕರಿಗೆ 4 ಇಂಚಿನ ಅಲ್ಯೂಮಿನಿಯಂ ಪೈಪು, ಒಂದೂವರೆಯಿಂದ ಎರಡು ಮೀಟರ್ ಉದ್ದ. ಬೆಂಕಿ ಹೊತ್ತುವ ಕಡೆ ಸತು ಲೇಪದ ತಗಡು ಬೇಡ. ಹೊಗೆ ಆ ದಾರಿಯಲ್ಲಿ ನಡೆದು ನಡೆದು ತಣ್ಣಗಾಗುತ್ತದೆ, ಜೊತೆಗೆ ತನ್ನ ಟಾರನ್ನೂ ಪೈಪಿನ ಗೋಡೆಗೆ ಬಳಿದು ಬರುತ್ತದೆ. ಅದಕ್ಕೇ ಡಬ್ಬಿ ಕೆಳಗೆ, ಸ್ಮೋಕರ್ ಮೇಲೆ, ಪೈಪು ಉದ್ದಕ್ಕೂ ಏರುಮುಖ. ನಡುವೆ ಜೋಲು ಬಿದ್ದರೆ ಆ ಹೊಟ್ಟೆಯಲ್ಲಿ ಕಂದು ರಸ ತುಂಬಿ ಹೊಗೆಯ ದಾರಿಯೇ ಕಟ್ಟಿಕೊಳ್ಳುತ್ತದೆ. ಪೈಪು ಇಳಿಮುಖವಾಗಿದ್ದರಂತೂ ಆ ರಸ ನೇರ ಊಟಕ್ಕೇ ಬರುತ್ತದೆ.

ಪೈಪು ಸೇರಿಸಲು ಸ್ಮೋಕರಿನ ಕೆಳಭಾಗದ ಪಕ್ಕದಲ್ಲಿ ತೂತು ಬೇಕು. ಇಲ್ಲಿ ಶೂರರು ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ, ದೊಡ್ಡ ಹೋಲ್ ಸಾ ಹಿಡಿದು ನುಗ್ಗುತ್ತಾರೆ. ತೆಳು ತಗಡಿನಲ್ಲಿ ಅದರ ಹಲ್ಲು ಕಚ್ಚಿಕೊಂಡಿತೋ, ಬ್ಲೇಡ್ ನಿಂತು ಡ್ರಿಲ್ ತಿರುಗುತ್ತದೆ, ಡ್ರಿಲ್ಲಿನ ಜೊತೆ ಮಣಿಕಟ್ಟೂ. ಸಣ್ಣ ತೂತು ಕೊರೆದು ತಗಡಿನ ಕತ್ತರಿಯಿಂದ ವೃತ್ತ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜುವುದು ಸೋಮಾರಿಗಳ ದಾರಿಯಂತೆ ಕಂಡರೂ ಹತ್ತು ಬೆರಳೂ ಉಳಿಯುತ್ತವೆ. ನಾಲ್ಕು ಸ್ಕ್ರೂ ಹಾಕಿ ಪೈಪು ಹಿಡಿಯುವ ಬಳೆ, ಕಾಲರ್ ಕೂರಿಸಿ, ಸಂದಿಗೆ ಅಲ್ಯೂಮಿನಿಯಂ ಟೇಪು ಅಂಟಿಸಿದರೆ ಸಾಕು. ಎಲೆಕ್ಟ್ರಿಕ್ ಸ್ಮೋಕರ್ ಆದರೆ ಪ್ಲಗ್ ಕಿತ್ತು, ಎರಡು ಗೋಡೆಗಳ ನಡುವೆ ತಂತಿ ಎಲ್ಲಿ ಓಡಿದೆ ಎಂದು ಹಿಂಬದಿಯ ಹಲಗೆ ಬಿಚ್ಚಿ ನೋಡಿದ ಮೇಲಷ್ಟೇ ಡ್ರಿಲ್.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗುಟ್ಟು: ಬಹಳ ಜನರಿಗೆ ಈ ತೂತೇ ಬೇಕಿಲ್ಲ. ಸುರುಳಿ ದಾರಿಯ ಸ್ಟೀಲ್ ಬಲೆಯ ತಟ್ಟೆಗೆ 100 ಗ್ರಾಂ ಮರದ ಪುಡಿ ತುಂಬಿ ಒಂದು ತುದಿಗೆ ಕಿಡಿ ಮುಟ್ಟಿಸಿದರೆ, ಅದು ಇರುವೆಯ ಸಾಲಿನಂತೆ ಎಂಟು ಗಂಟೆ ತೆವಳುತ್ತದೆ. ಹೀಟರ್ ಹಚ್ಚದ ಸ್ಮೋಕರಿನೊಳಗೆ ಅದನ್ನಿಟ್ಟರೆ ಏರುವುದು ಕೆಲವೇ ಡಿಗ್ರಿ. ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ತುಂಬುವ 12 ಇಂಚಿನ ಕೊಳವೆ ಇನ್ನೂ ಸುಲಭ, ಆದರೆ ಅದರ ಸ್ವಭಾವ ಸ್ವಲ್ಪ ಬಿಸಿ. ಪುಡಿಯಲ್ಲಿ ತೇವವಿದ್ದರೆ ಕಿಡಿ ಮೊದಲ ತಿರುವಿನಲ್ಲೇ ಸಾಯುತ್ತದೆ. 100 ಡಿಗ್ರಿ ಓವನ್ನಿನಲ್ಲಿ ಅರ್ಧ ಗಂಟೆ ಒಣಗಿಸಿದರೆ ಈ ತಕರಾರು ಮುಗಿಯಿತು. ಪ್ಲೈವುಡ್, ಬಣ್ಣ ಬಳಿದ ಮರ, ಅಂಟು ಸೋರುವ ಪೈನ್ ಇವುಗಳ ಪುಡಿಯನ್ನು ಹತ್ತಿರ ಸೇರಿಸಬಾರದು.

ಹೊಗೆ ವ್ಯರ್ಥವಾಗುತ್ತದೆಂದು ಮೇಲಿನ ಕಿಂಡಿ ಮುಚ್ಚುವ ಜಿಪುಣರಿದ್ದಾರೆ. ಒಳಗೆ ನಿಂತ ಹೊಗೆ ತೇವದ ಜೊತೆ ತಿನಿಸಿನ ಮೈಮೇಲೆ ಕೂತು ಕಹಿಯಾಗುತ್ತದೆ, ಗಾಳಿ ಸಿಗದ ಕಿಡಿಯೂ ಉಸಿರುಗಟ್ಟುತ್ತದೆ. ಮೇಲಿನ ಕಿಂಡಿ ಪೂರ್ತಿ ತೆರೆದಿರಲಿ. ದಟ್ಟ ಬಿಳಿ ಹೊಗೆ ನೋಡಲು ಗತ್ತು. ತಿನ್ನಲು ಬೇಕಾದದ್ದು ಕಂಡೂ ಕಾಣದ ತೆಳು ನೀಲಿ. ಬಿಸಿಲಿಗಿಟ್ಟ ಕಪ್ಪು ಪೆಟ್ಟಿಗೆಗೆ 30 ದಾಟಲು ಬೆಂಕಿಯ ಹಂಗೂ ಬೇಕಿಲ್ಲ, ಹಾಗಾಗಿ ಬೆಳಗಿನ ತಂಪು ಹೊತ್ತು ಒಳ್ಳೆಯದು. ಆಗಲೂ ಪ್ರೋಬಿನ ಅಂಕಿ ಏರಿದರೆ ಹೆಪ್ಪುಗಟ್ಟಿಸಿದ ಎರಡು ನೀರಿನ ಬಾಟಲಿ ಒಳಗಿಡಿ. ಗ್ಯಾರೇಜಿನೊಳಗೆ ಮಾತ್ರ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಮೀನು ಮಾಂಸದ ವಿಷಯಕ್ಕೆ ಬಂದರೆ ನಗೆ ನಿಲ್ಲಿಸಬೇಕು. 30 ಡಿಗ್ರಿಯ ಹೊಗೆ ರೋಗಾಣುಗಳನ್ನು ಕೊಲ್ಲುವುದಿಲ್ಲ, ಅವಕ್ಕದು ಹಬ್ಬದ ಹವೆ. ಮಾಂಸಕ್ಕೆ ಮೊದಲು ಉಪ್ಪು, ಜೊತೆಗೆ 6.25 ಶೇಕಡಾ ನೈಟ್ರೈಟ್ ಇರುವ ಕ್ಯೂರಿಂಗ್ ಸಾಲ್ಟ್ (ಮಾಂಸ ಕೆಡದಂತೆ ಹಚ್ಚುವ ಉಪ್ಪು) ಕಿಲೋ ಮಾಂಸಕ್ಕೆ 2.5 ಗ್ರಾಂ. ಅದನ್ನು ತಕ್ಕಡಿಯಲ್ಲಿ ತೂಗಬೇಕು, ಚಮಚೆಯ ಅಂದಾಜು ನಡೆಯದು. ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಹುಳು ಸಾಯುತ್ತದೆ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೈ ಪಳಗುವವರೆಗೆ ಚೀಸ್, ಬೆಣ್ಣೆ, ಉಪ್ಪು, ಬಾದಾಮಿಗಳಲ್ಲೇ ಆಟವಾಡುವುದು ಜಾಣತನ.

ಚೀಸಿಗೆ ಎರಡರಿಂದ ನಾಲ್ಕು ಗಂಟೆ ಹೊಗೆ ಸಾಕು. ಮೇಲ್ಮೈ ಒರೆಸಿ ಒಣಗಿಸಿಯೇ ಒಳಗಿಡಿ. ಹೊರತೆಗೆದ ಕೂಡಲೇ ಕಚ್ಚಿದರೆ ಆ್ಯಶ್‌ಟ್ರೇ ನೆಕ್ಕಿದ ಅನುಭವ. ಇಷ್ಟೆಲ್ಲ ಒದ್ದಾಡಿದ್ದು ಇದಕ್ಕಾ ಎಂದು ಕಸದ ಬುಟ್ಟಿಗೆ ಎಸೆಯುವವರು ಎಸೆಯುವುದು ಇಲ್ಲೇ. ಒಂದು ದಿನ ಕಾಗದದಲ್ಲಿ ಸುತ್ತಿ, ಆಮೇಲೆ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರಿಜ್ಜಿನಲ್ಲಿಡಬೇಕು. ಹೊರಗೆ ಕೂತ ಘಾಟು ಮೆಲ್ಲಗೆ ಒಳಗಿಳಿದು ಮೆದುವಾಗುತ್ತದೆ. ಪೊಟ್ಟಣದ ಮೇಲೆ ತಾರೀಖು ದಪ್ಪಗೆ ಬರೆದು, ತರಕಾರಿ ಡಬ್ಬಿಯ ಹಿಂದೆ ಬಚ್ಚಿಡಿ. 'ಹೇಗಾಗಿದೆ ನೋಡೋಣ' ಎಂದು ದಿನಕ್ಕೊಂದು ಚೂರು ಕತ್ತರಿಸುವ ಮನೆಗಳಲ್ಲಿ ಹದಿನಾಲ್ಕನೆಯ ದಿನ ಸಿಗುವುದು ತಾರೀಖು ಮಾತ್ರ.