ಸಾಹೇಬರಿಗೊಂದು ಶಾಲ್

ಧಾರವಾಡದ ಸಪ್ತಾಪುರದಲ್ಲಿ ಯಾವ ಓಣಿ ಹೊಕ್ಕರೂ ಕೋಚಿಂಗ್ ಬೋರ್ಡು. ಎಫ್‌ಡಿಎ, ಪಿಡಿಒ ಆಗಲು ಹೊರಟ ಹುಡುಗರು ಗಿರ್ಮಿಟ್ ತಿನ್ನುತ್ತಲೇ ಇಂಗ್ಲಿಷ್ ವ್ಯಾಕರಣದ ಮಸ್ಟ್, ಹ್ಯಾವ್ ಟು, ಶುಡ್, ಆಟ್ ಟು ಎಂದು ಬಾಯಿಪಾಠ ಮಾಡುತ್ತಿರುತ್ತಾರೆ. ಮಸ್ಟ್ ಅಂದರೆ ಮಾಡಲೇಬೇಕು, ಶುಡ್ ಅಂದರೆ ಮಾಡಿದರೆ ಚಲೋ. ನೌಕರಿ ಸಿಕ್ಕ ಮೇಲೆ ಅವರು ಉಳಿದದ್ದೆಲ್ಲ ಮರೆತಾರು, ಈ ಪಾಠ ಮಾತ್ರ ಮರೆಯುವುದಿಲ್ಲ.

ಬೇಕಾದರೆ ನೋಡಿ. ಮನೆ ತೆರಿಗೆ ತುಂಬುವುದು, ಅರ್ಜಿಗೆ ಆಧಾರ್ ಝೆರಾಕ್ಸ್ ಹಚ್ಚುವುದು, ಅದರ ಮೇಲೆ ನಾವೇ ಸಹಿ ಮಾಡುವುದು, ಎಲ್ಲ ಮಸ್ಟ್. ರಸ್ತೆಯ ತಗ್ಗು ಮುಚ್ಚುವುದು, ನಳಕ್ಕೆ ನೀರು ಬಿಡುವುದು ಶುಡ್. ಮಳೆಗಾಲ ಕಳೆದರೆ ಅದೂ ಬಡ್ತಿ ಪಡೆದು ಶುಡ್ ಹ್ಯಾವ್ ಆಗುತ್ತದೆ: ಮುಚ್ಚಬೇಕಾಗಿತ್ತು, ಮುಚ್ಚಲಿಲ್ಲ. ಮಸ್ಟ್‌ಗೆ ಭೂತಕಾಲದ ರೂಪವೇ ಇಲ್ಲವಂತೆ, ಹ್ಯಾಡ್ ಟು ಕಡ ತರಬೇಕು. ಹೋದ ವರ್ಷದ ಕೆಲಸವನ್ನು ಈ ವರ್ಷ ಯಾರೂ ಕೇಳಬಾರದೆಂದು ವ್ಯಾಕರಣವೇ ಹೇಳಿದ ಮೇಲೆ ಕಚೇರಿಯನ್ನೇಕೆ ಬಯ್ಯಬೇಕು?

ಅಧಿಕಾರಿಗಳ ಪಾಲಿಗೂ ಒಂದಿರಲಿ ಎಂದು ಸರಕಾರ 2011ರಲ್ಲಿ ಸಕಾಲ ಕಾಯ್ದೆ ತಂದು, ಕಾಯ್ದೆಯ ಇಂಗ್ಲಿಷಿನಲ್ಲಿ ‘ಮಾಡತಕ್ಕದ್ದು’ ಎನ್ನುವ ‘ಶಾಲ್’ (shall) ಹಾಕಿತು. ಪಾಪ, ಅವರು ಅದನ್ನು ಸನ್ಮಾನದ ಶಾಲೆಂದೇ ಹೊದ್ದುಕೊಂಡರು. ಸೇವೆ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಲ್ಲಿಗೆ 26ನೇ ದಿನದಿಂದ ತಡ ಮಾಡುವುದು ಪುಕ್ಕಟೆ!

ಮನೆ ಉತಾರಕ್ಕೆಂದು ಬಂದ ಹಿರಿಯರೊಬ್ಬರು ಕೌಂಟರಿನಲ್ಲಿ ಕೇಳಿದರು, “ಸಾಹೇಬ್ರು ಎಲ್ಲಿ ಅದಾರ?”

“ಮೀಟಿಂಗ್‌ನ್ಯಾಗ ಇರಬೇಕ್ರಿ.”

ಕಡೆಗೂ ಸಾಹೇಬರ ಮೇಲೊಂದು ಮಸ್ಟ್ ಬಿತ್ತು! ಆದರೆ ಇದು ಕರ್ತವ್ಯದ್ದಲ್ಲ, ಬರೀ ಅಂದಾಜಿನದು. ಮಧ್ಯಾಹ್ನ ಅದೇ ಅಂದಾಜು “ಊಟಕ್ಕ ಹೋಗಿರಬೇಕ್ರಿ” ಆಯಿತು. ಮೂರು ಗಂಟೆಗೆ ಕೌಂಟರಿನ ಹುಡುಗ ಫೈಲಿನಿಂದ ತಲೆ ಎತ್ತಿ, “ಅಜ್ಜಾರ, ಇದಕ್ಕ ನೀವು ಬರೂದ ಬೇಕಾಗಿದ್ದಿಲ್ಲ. ಎಲ್ಲಾ ಆನ್‌ಲೈನ್ ಆಗೇತಿ” ಎಂದ. ಸಪ್ತಾಪುರದವರು ಇದಕ್ಕೆ ನೀಡಂಟ್ ಹ್ಯಾವ್ ಕಮ್ ಅನ್ನುತ್ತಾರೆ. ಬಂದದ್ದೂ ಖರೆ, ಬಂದು ಉಪಯೋಗವಾಗದ್ದೂ ಖರೆ. ಡಿಡಂಟ್ ನೀಡ್ ಟು ಕಮ್ ಅಂದಿದ್ದರೆ ಅಜ್ಜ ಮನೆಯಲ್ಲೇ ಉಳಿದಿದ್ದರೂ ನಡೆಯುತ್ತಿತ್ತು. ಇಷ್ಟು ನಾಜೂಕಾದ ಫರಕನ್ನು ತಾಸುಗಟ್ಟಲೆ ಸರದಿಯಲ್ಲಿ ನಿಲ್ಲಿಸಿ ಪ್ರಾಕ್ಟಿಕಲ್ ಆಗಿ ಕಲಿಸುವ ಕೋಚಿಂಗ್ ಮತ್ತೆಲ್ಲಿದೆ?

“ಹಂಗಾರ ಆನ್‌ಲೈನ್ ಹಾಕಿದ್ರ ಮುಗೀತಿಲ್ಲೋ ತಮ್ಮಾ?”

“ಅದರ ಪ್ರಿಂಟ್ ತಗೊಂಡು ಇಲ್ಲಿಗೇ ಬರಬೇಕ್ರಿ.”

“ಇದು ಯಾವ ಬೇಕಪಾ?”

“ಮಸ್ಟ್ ರೀ.”